ದೃಶ್ಯ ನೂರಾ ಹನ್ನೆರಡರ ನೀರು

೧೨ ಜನವರಿ ೧೯೯೮

ಚಿಕ್ಕಪ್ಪನಿಗೆ,

ಕ್ಷೇಮ ಸಮಾಚಾರ ಕೊನೆಯಲ್ಲಿ ಬರೆಯುತ್ತೇನೆ. ಮೊದಲು ಜಗಳ.

ನಿಮ್ಮ ಸ್ಟುಡಿಯೋದಿಂದ ನಮ್ಮ ಕಾರ್ಟೂನ್ ಧಾರಾವಾಹಿಯ ಮೂರನೇ ಕಂತಿನ ಪೆಟ್ಟಿಗೆ ಇವತ್ತು ಬೆಳಿಗ್ಗೆ ಬಂತು. ಕಿಟಕಿಯಿಲ್ಲದ ಆ ಕೋಣೆಯಲ್ಲಿ, ಸ್ಪಂಜು ಹೊರಬಂದ ಕುರ್ಚಿಯ ಮೇಲೆ ಮೂರು ಗಂಟೆ ಕೂತು ನೋಡಿದೆ. ಚಿಕ್ಕಪ್ಪಾ, ಅದು ನೀರೇ? ನಮ್ಮ ಅಂಚೆ ಆಮೆ ಚೀಲ ಹೊತ್ತು ಹೊಳೆ ದಾಟುತ್ತದೆ. ಹೊಳೆ ನೋಡಿದರೆ ಇಸ್ತ್ರಿ ಮಾಡಿದ ನೀಲಿ ಬಟ್ಟೆ. ಆಮೆ ಕಾಲಿಟ್ಟ ಕಡೆ ಒಂದು ಹನಿ ಹಾರುವುದಿಲ್ಲ. ನಾಲ್ಕೇ ನಾಲ್ಕು ಅಲೆ ಬಿಡಿಸಿ ಅದನ್ನೇ ತಿರುಗಿಸಿ ತಿರುಗಿಸಿ ಹಾಕಿದ್ದಾರೆ. ಗಾಣದ ಎತ್ತಿಗಾದರೂ ಸಾಯಂಕಾಲ ಬಿಡುಗಡೆ ಇದೆ, ಈ ಅಲೆಗಳಿಗೆ ಅದೂ ಇಲ್ಲ. ಇದನ್ನು ಬಿಡಿಸಿದ ಪುಣ್ಯಾತ್ಮರು ಹುಟ್ಟಿದಾಗಿನಿಂದ ಒಂದು ಬಕೆಟ್ ನೀರು ಚೆಲ್ಲಿದ್ದನ್ನು ನೋಡಿಲ್ಲ.

ಇಪ್ಪತ್ತೇಳನೇ ದೃಶ್ಯದ ಕಥೆ ಕೇಳಿ. ನಾವು ಕಳಿಸಿದ ಹಿನ್ನೆಲೆಯ ಹಾಳೆಯ ಮೇಲೆ ಇಲ್ಲಿ ಯಾರೋ ಚಹಾ ಲೋಟ ಇಟ್ಟಿದ್ದರು, ದುಂಡಗೆ ಕಲೆಯಾಗಿತ್ತು. ಅದು ನಮ್ಮ ತಪ್ಪು, ಒಪ್ಪಿದೆ. ನಿಮ್ಮವರು ಆ ಕಲೆಗೆ ಹಳದಿ ಬಣ್ಣ ಬಳಿದು, ಕಿರಣ ಬಿಡಿಸಿ ಆಕಾಶಕ್ಕೆ ಏರಿಸಿದ್ದಾರೆ! ಈಗ ಅಂಚೆ ಆಮೆಯ ಊರಿಗೆ ಎರಡು ಸೂರ್ಯ. ನಮ್ಮ ನಿರ್ಮಾಪಕರಿಗೆ ತೋರಿಸಿದೆ. ಮಾತಾಡುವಾಗಲೂ ಮಣಿಕಟ್ಟನ್ನೇ ನೋಡುತ್ತಾರೆ ಅಂತ ಇಲ್ಲಿ ಎಲ್ಲರೂ ಅವರನ್ನು ಗಡಿಯಾರ ಅನ್ನುತ್ತೇವೆ. "ಒಂದು ಸೂರ್ಯ ಜಾಸ್ತಿ ಆದ್ರೆ ಮಕ್ಳೇನು ಕೇಳ್ತಾರೇನಮ್ಮ, ಬಿಟ್ಬಿಡು" ಅಂದರು. ನಾನು ಬಿಡಲಿಲ್ಲ.

ನನಗೆ ಅರ್ಥವಾಗದ್ದು ಒಂದೇ. ಮೊದಲ ಎರಡು ಕಂತಿನಲ್ಲೂ ಹೀಗೇ ಆಯಿತು. ನಾನು ಕೆಂಪು ಗೆರೆ ಎಳೆದು ವಾಪಸ್ ಕಳಿಸಿದ ದೃಶ್ಯ ಎರಡನೇ ಸಲ ಬಂದಾಗ ಚಿನ್ನ. ಅಷ್ಟು ಚೆನ್ನಾಗಿ ಬಿಡಿಸುವ ಕೈ ಅಲ್ಲಿದ್ದ ಮೇಲೆ ಮೊದಲ ಸಲವೇ ಯಾಕೆ ಬಿಡಿಸುವುದಿಲ್ಲ? ನೀರು, ಹೊಗೆ, ಬೆಂಕಿಯ ವಿಭಾಗಕ್ಕೆ ನೀವೇ ಮುಖ್ಯಸ್ಥರು. ನನಗೆ ಏಳು ವರ್ಷವಾಗಿದ್ದಾಗ ಲೆಕ್ಕದ ಪುಸ್ತಕದ ಮೂಲೆಯಲ್ಲಿ ಹೊಗೆ ಬಿಡಿಸಿ, ಹೆಬ್ಬೆರಳಿನಿಂದ ಹಾಳೆ ಜಾರಿಸಿ, ಅದು ಮೇಲೇರುವುದನ್ನು ತೋರಿಸಿದವರು ನೀವು. "ಹೊಗೆಗೂ ತೂಕ ಇದೆ ಕಣೇ" ಅಂದಿದ್ದಿರಿ. ಆ ಮಾತು ಸಮುದ್ರ ದಾಟುವಾಗ ನೀರಿಗೆ ಬಿತ್ತೇ?

ಹತ್ತೊಂಬತ್ತು ದೃಶ್ಯಕ್ಕೆ ಕೆಂಪು ಹಾಕಿದ್ದೇನೆ. ಪಟ್ಟಿ ಪೆಟ್ಟಿಗೆಯಲ್ಲಿದೆ. ಅಮ್ಮ ಚೆನ್ನಾಗಿದ್ದಾಳೆ, ನಿಮ್ಮನ್ನು ಕೇಳಿದಳು.

ಸಿಟ್ಟಿನಿಂದ,
ಮೆಣಸಿನಕಾಯಿ


೩೦ ಜನವರಿ ೧೯೯೮

ಮೆಣಸಿನಕಾಯಿಗೆ ಆಶೀರ್ವಾದ.

ನಿನ್ನ ಪಟ್ಟಿಯನ್ನು ನಮ್ಮ ಮ್ಯಾನೇಜರನ ಮೇಜಿನ ಮೇಲೆ ಇಟ್ಟೆ. ನಿಮ್ಮಲ್ಲಿ ಗಡಿಯಾರವಿದ್ದರೆ ನಮ್ಮಲ್ಲಿ ತಕ್ಕಡಿ. ಅವನು ಚಿತ್ರ ನೋಡುವುದಿಲ್ಲ, ಚಿತ್ರದ ಕಟ್ಟು ಎಷ್ಟು ದಪ್ಪ ಇದೆ ಅಂತ ನೋಡುತ್ತಾನೆ. ಹತ್ತೊಂಬತ್ತು ಕೆಂಪು ಗೆರೆ ಕಂಡು ಅವನ ಮುಖ ಇಂಗು ತಿಂದ ಮಂಗನ ಹಾಗಾಯಿತು. ಅರ್ಧ ಗಂಟೆ ಬೈದ. ನಾನು ತಲೆ ತಗ್ಗಿಸಿಕೊಂಡು ನಿಂತೆ. ಕೊನೆಗೆ "ಮಾಡ್ಕೊಡಿ ಮಾರಾಯ, ಇನ್ನೇನ್ ಮಾಡೋದು" ಅಂದು ಹೊಸ ಹಾಳೆಗೂ ಹೆಚ್ಚಿನ ದಿನಕ್ಕೂ ಸಹಿ ಹಾಕಿದ.

ಮೊದಲ ಸಲವೇ ಯಾಕಿಲ್ಲ ಅಂತ ಕೇಳಿದ್ದೀಯ. ಎಲ್ಲ ಪ್ರಶ್ನೆಗೂ ಕಾಗದದಲ್ಲಿ ಉತ್ತರ ಬರೆಯಲಾಗುವುದಿಲ್ಲ. ನೀನು ನಿನ್ನ ಕೆಲಸ ಮಾಡು, ನಾನು ನನ್ನದು ಮಾಡುತ್ತೇನೆ.

ಆದರೆ ಆ ಬಕೆಟ್ ಮಾತಿಗೆ ನನಗೂ ಸಿಟ್ಟು ಬಂತು. ಹೊಳೆಯ ದೃಶ್ಯ ಬಿಡಿಸಿದವಳು ಹದಿನೆಂಟು ವರ್ಷ ಬಣ್ಣದ ವಿಭಾಗದಲ್ಲಿ ಇನ್ನೊಬ್ಬರು ಬಿಡಿಸಿದ ಗೆರೆಯೊಳಗೆ ಬಣ್ಣ ತುಂಬಿದವಳು. ಎರಡು ಮಕ್ಕಳ ತಾಯಿ. ಎಡಗೈಯವಳು, ಹಾಗಾಗಿ ಈ ಮಹಡಿಯಲ್ಲಿ ಎಲ್ಲರಿಗೂ ಎಡಚಿ. ಹೋದ ವರ್ಷ ಅವಳು ಕೈ ಒರೆಸುವ ಕಾಗದದ ಮೇಲೆ ನಲ್ಲಿಯ ನೀರು ಬಿಡಿಸಿದ್ದನ್ನು ನೋಡಿ, ಹಟ ಮಾಡಿ ನನ್ನ ವಿಭಾಗಕ್ಕೆ ತಂದೆ. ಅವಳು ಪ್ರತಿ ಬೆಳಿಗ್ಗೆ ಕೆಲಸಕ್ಕೆ ಬರುವ ಮುಂಚೆ ನಾಲ್ಕು ಮಹಡಿ ಹತ್ತಿ ಮನೆಗೆ ಹನ್ನೆರಡು ಬಕೆಟ್ ನೀರು ಹೊರುತ್ತಾಳೆ. ನೀರು ಹೇಗೆ ಚೆಲ್ಲುತ್ತದೆ ಅನ್ನುವುದು ನಿನಗಿಂತ, ನನಗಿಂತ ಅವಳಿಗೆ ಚೆನ್ನಾಗಿ ಗೊತ್ತು. ನಿನ್ನ ಸಾಲನ್ನು ಓದಿ ಹೇಳಿದೆ. "ಆಯಮ್ಮನ್ನ ಒಂದ್ಸಲ ನಮ್ಮನೆ ಮೆಟ್ಲು ಹತ್ತಿಸಿ" ಅಂದಳು. ನಕ್ಕಳು, ಆದರೆ ಆ ಮಾತು ಮರೆತಿಲ್ಲ. ನನಗೆ ಗೊತ್ತು.

ಹತ್ತನೇ ಕಂತಿನ ಪ್ರವಾಹದ ದೃಶ್ಯ, ನೂರಾ ಹನ್ನೆರಡನೆಯದು, ಎಂಟು ಸೆಕೆಂಡು. ನೀರು ಮೆಟ್ಟಿಲು ಹತ್ತಿ ಅಂಚೆಮನೆಯೊಳಗೆ ಬಂದು, ಆಮೆಯ ಚೀಲವನ್ನು ಎತ್ತಿ, ಕಾಗದಗಳನ್ನೆಲ್ಲ ತೇಲಿಸಬೇಕು. ಅದನ್ನು ಎಡಚಿಯಿಂದಲೇ ಬಿಡಿಸುತ್ತೇನೆ. ಮೆಟ್ಟಿಲು ಹತ್ತುವ ನೀರು ಅವಳದೇ ವಿಷಯ.

ಅತ್ತಿಗೆಗೆ ನಮಸ್ಕಾರ ತಿಳಿಸು.

ಚಿಕ್ಕಪ್ಪ


೨೧ ಫೆಬ್ರವರಿ ೧೯೯೮

ಚಿಕ್ಕಪ್ಪನಿಗೆ,

ಮೂರನೇ ಕಂತಿನ ದೃಶ್ಯಗಳು ಎರಡನೇ ಸಲ ಬಂದವು. ಆಮೆ ಕಾಲಿಟ್ಟ ಕಡೆ ನೀರು ತಗ್ಗಿ, ಸುತ್ತ ಎದ್ದು, ಮತ್ತೆ ಕೂಡಿಕೊಳ್ಳುತ್ತದೆ. ನೋಡಿ ಮೈ ಜುಮ್ಮೆಂದಿತು. ಆಮೇಲೆ ಐದನೇ ಕಂತಿನ ಪೆಟ್ಟಿಗೆ ತೆರೆದರೆ ಮತ್ತದೇ ರಾಗ, ಅದೇ ಹಾಡು. ಬೇಕರಿಗೆ ಬೆಂಕಿ ಬೀಳುವ ದೃಶ್ಯದಲ್ಲಿ ಹೊಗೆಯ ಬದಲು ಹೂಕೋಸು ಕಳಿಸಿದ್ದೀರಿ. ಗಟ್ಟಿ, ಬಿಳಿ, ಗಂಟು ಗಂಟು ಹೂಕೋಸು! ಇಪ್ಪತ್ತಾರು ದೃಶ್ಯಕ್ಕೆ ಕೆಂಪು ಹಾಕಿದ್ದೇನೆ. ನಿಮಗೆ ನಾಚಿಕೆಯಾಗದಿದ್ದರೆ ನನಗಾದರೂ ಆಗುತ್ತದೆ, ಯಾಕೆಂದರೆ "ನಿನ್ ಚಿಕ್ಕಪ್ಪನ್ ಕೆಲ್ಸ ನೋಡಮ್ಮ" ಅಂತ ಗಡಿಯಾರ ನನ್ನನ್ನೇ ಕರೆದು ತೋರಿಸುತ್ತಾರೆ.

ತಮಾಷೆ ಸಾಕು. ಹೋದ ವಾರ ಇಲ್ಲಿ ಚಾನೆಲ್ಲಿನವರ ಸಭೆ ಆಯಿತು. ಕೋಟು ಹಾಕಿಕೊಂಡ ಒಬ್ಬ ಬಂದು ಕಂಪ್ಯೂಟರಿನಲ್ಲಿ ಸಿದ್ಧ ನೀರು ತೋರಿಸಿದ. ಗುಂಡಿ ಒತ್ತಿದರೆ ಹೊಳೆ, ಇನ್ನೊಂದು ಒತ್ತಿದರೆ ಸಮುದ್ರ. ನೋಡಲು ಪ್ಲಾಸ್ಟಿಕ್ ಹಾಳೆ ಗಾಳಿಗೆ ಆಡಿದ ಹಾಗಿತ್ತು, ಆದರೆ ಅವನ ಮಾತು ಕೇಳಬೇಕಿತ್ತು, ಮಂತ್ರಕ್ಕಿಂತ ಉಗುಳೇ ಜಾಸ್ತಿ. ಕೊನೆಗೆ ತೀರ್ಮಾನ ಇಷ್ಟು: ಹತ್ತನೇ ಕಂತಿನ ಪ್ರವಾಹವನ್ನು ನೋಡುತ್ತಾರೆ. ಚೆನ್ನಾಗಿದ್ದರೆ ಎರಡನೇ ವರ್ಷಕ್ಕೂ ಕೈಯಲ್ಲಿ ಬಿಡಿಸಿದ ನೀರು. ಇಲ್ಲದಿದ್ದರೆ ಕೋಟಿನವನ ನೀರು. ಅಂದರೆ ನಿಮ್ಮ ಮಹಡಿಯ ಹನ್ನೊಂದು ಮೇಜೂ ಖಾಲಿ.

ಇದು ಗೊತ್ತಿದ್ದೂ ಹೂಕೋಸು ಕಳಿಸುತ್ತೀರಾದರೆ ನಿಮಗೆ ಆ ಹನ್ನೊಂದು ಜನರ ಮೇಲೆ ಕರುಣೆ ಇಲ್ಲ. ಕಾಲ ಮೇಲೆ ಕಲ್ಲು ಎತ್ತಿಹಾಕಿಕೊಳ್ಳಬೇಡಿ ಚಿಕ್ಕಪ್ಪಾ. ಕೈಮುಗಿಯುತ್ತೇನೆ.

ಮೆಣಸಿನಕಾಯಿ


೧೫ ಮಾರ್ಚ್ ೧೯೯೮

ಮೆಣಸಿನಕಾಯಿಗೆ,

ಅಕ್ಷರ ಕಾಗೆ ಕಾಲು, ಗುಬ್ಬಿ ಕಾಲು ಆಗಿದೆ ಅಂತ ನಗಬೇಡ. ಕಾರಣ ಆಮೇಲೆ ಹೇಳುತ್ತೇನೆ. ಹೀಗೆ ಬರೆಯಲು ಹೊತ್ತು ಹಿಡಿಯುತ್ತದೆ, ಹಾಗಾಗಿ ಕಾಗದ ಚಿಕ್ಕದು.

ಸಭೆಯ ಸುದ್ದಿಯನ್ನು ಎಲ್ಲರಿಗೂ ಹೇಳಿದೆ. ಎಡಚಿ ಪೆನ್ಸಿಲ್ ಕೆತ್ತುತ್ತ "ಹಂಗಾದ್ರೆ ನೂರಾ ಹನ್ನೆರಡು ನನ್ನ ತಲೆ ಮೇಲೆ" ಅಂದಳು. ಹೌದು, ಅವಳ ತಲೆಯ ಮೇಲೆ.

ಕರುಣೆ ಇಲ್ಲ ಅಂತ ಬರೆದಿದ್ದೀಯ. ಆ ಮಾತನ್ನು ನುಂಗಿಕೊಂಡಿದ್ದೇನೆ, ಜೀರ್ಣವಾಗಿಲ್ಲ. ನಿನ್ನಿಂದ ನನಗೆ ಬೇಕಾದ್ದು ಒಂದೇ. ಎಷ್ಟು ಕೆಂಪು ಹಾಕಬೇಕೋ ಅಷ್ಟೂ ಹಾಕು. ಒಂದನ್ನೂ ಬಿಡಬೇಡ. ಹತ್ತನೇ ಕಂತಿನಲ್ಲಂತೂ ಕಣ್ಣಲ್ಲಿ ಕಣ್ಣಿಟ್ಟು ನೋಡು. ಮುಖ ಮೋರೆ ನೋಡಬೇಡ.

ಚಿಕ್ಕಪ್ಪ


೨ ಏಪ್ರಿಲ್ ೧೯೯೮

ಚಿಕ್ಕಪ್ಪನಿಗೆ,

ನಿಮ್ಮ ಕಾಗದವನ್ನು ಅಮ್ಮನಿಗೆ ತೋರಿಸಬಾರದಿತ್ತು. ನೋಡಿದ ಕೂಡಲೇ "ಅಯ್ಯೋ, ಇದು ಮಾವನೋರ ಕೈ ಅಕ್ಷರ" ಅಂದು ಕೂತುಬಿಟ್ಟಳು. ತಾತನ ಕೈ ನಡುಗಲು ಶುರುವಾದಾಗ ಅವರ ಅಕ್ಷರ ಹೀಗೇ ಇತ್ತಂತೆ, ಗೆರೆಯ ಕೆಳಗೆ ಜಾರುತ್ತಿತ್ತಂತೆ. ತಾತನಿಗೂ ಆಗ ನಿಮ್ಮ ಹಾಗೇ ಐವತ್ತೆಂಟು ವರ್ಷ.

ನಿಜ ಹೇಳಿ. ಕೈಗೆ ಏನಾಗಿದೆ? ವೈದ್ಯರಿಗೆ ತೋರಿಸಿದ್ದೀರಾ? ಈಚೆಗೆ ಬಂದ ಕಂತುಗಳ ನೀರಿನಲ್ಲೂ ಗೆರೆ ಮುರಿಯುತ್ತದೆ, ಯಾವಾಗಲೂ ಒಂದೇ ಜಾಗದಲ್ಲಿ. ಎಡಚಿ, ಎಡಚಿ ಅನ್ನುತ್ತೀರಲ್ಲ, ಆ ಹೆಂಗಸು ನಿಜವಾಗಿ ಇದ್ದಾಳಾ, ಇಲ್ಲ ಆ ಗೆರೆ ನಿಮ್ಮದೇನಾ?

ಸಿಟ್ಟಿಲ್ಲ. ಉತ್ತರ ಬರೆಯಿರಿ.

ಮೆಣಸಿನಕಾಯಿ


೧೮ ಏಪ್ರಿಲ್ ೧೯೯೮

ಕೈ ಚೆನ್ನಾಗಿದೆ. ಅತ್ತಿಗೆಗೆ ಅಳಬೇಡ ಅನ್ನು. ಕಾರಣ ಹೇಳಿದರೆ ನೀನು ನಗುತ್ತೀಯ, ಅದಕ್ಕೇ ಹೇಳುವುದಿಲ್ಲ. ಎಡಚಿ ಇದ್ದಾಳೋ ಇಲ್ಲವೋ ಅನ್ನುವ ಪ್ರಶ್ನೆಗೆ ಉತ್ತರ ಕೊಡುವಷ್ಟು ಪುರುಸೊತ್ತು ನನಗಿಲ್ಲ. ಹತ್ತನೇ ಕಂತು ಹೊರಡುತ್ತಿದೆ. ನನ್ನ ಕೈ ಬಿಟ್ಟು ಕೆಲಸ ನೋಡು.

ಚಿಕ್ಕಪ್ಪ


೬ ಮೇ ೧೯೯೮

ಪ್ರೀತಿಯ ಚಿಕ್ಕಪ್ಪನಿಗೆ,

ಹತ್ತನೇ ಕಂತು ನೋಡಿದೆ. ಎಲ್ಲ ದೃಶ್ಯಗಳನ್ನೂ ಪಾಸ್ ಮಾಡಿದ್ದೇನೆ. ಒಂದಕ್ಕೂ ಕೆಂಪು ಹಾಕಿಲ್ಲ. ನಿಮ್ಮ ಮ್ಯಾನೇಜರಿಗೆ ನಿನ್ನೆಯೇ ಫ್ಯಾಕ್ಸ್ ಹೋಗಿದೆ.

ನೂರಾ ಹನ್ನೆರಡನ್ನು ನಾಲ್ಕು ಸಲ ನೋಡಿದೆ. ಚೆನ್ನಾಗಿದೆ. ಗೆರೆ ಸ್ವಲ್ಪ ಅಲುಗಿದೆ, ಇರಲಿ, ನೀರಲ್ಲವೇ, ಅಲುಗಲೇಬೇಕು. ಎಷ್ಟು ಕಷ್ಟಪಟ್ಟು ಬಿಡಿಸಿದ್ದೀರೆಂದು ನನಗೆ ಗೊತ್ತು. ನೀವು ಹೇಳದಿದ್ದರೂ ಗೊತ್ತು. ಇಷ್ಟು ತಿಂಗಳು ನಾನು ಬಾಯಿಗೆ ಬಂದದ್ದೆಲ್ಲ ಬರೆದೆ, ಬಕೆಟ್ ಅಂದೆ, ಹೂಕೋಸು ಅಂದೆ. ಯಾರ ಕೈಗೆ ಹೇಳುತ್ತಿದ್ದೇನೆಂದು ತಿಳಿಯದೆ ಹೇಳಿದೆ. ಹೊಟ್ಟೆಗೆ ಹಾಕಿಕೊಳ್ಳಿ.

ಇನ್ನು ಮೇಲೆ ನಿಮಗೆ ತೊಂದರೆ ಕೊಡುವುದಿಲ್ಲ. ಕೈಗೆ ವಿಶ್ರಾಂತಿ ಕೊಡಿ. ಅಮ್ಮ ಎಣ್ಣೆಯೊಂದನ್ನು ಕಳಿಸಿದ್ದಾಳೆ, ಬಿಸಿ ಮಾಡಿ ಹಚ್ಚಿಕೊಳ್ಳಬೇಕಂತೆ.

ನಿಮ್ಮ ಮಗಳು


೯ ಮೇ ೧೯೯೮

ಮೆಣಸಿನಕಾಯಿಗೆ, ತುರ್ತು.

ತಕ್ಕಡಿ ಒಂದು ಫ್ಯಾಕ್ಸ್ ತೋರಿಸಿ ಕುಣಿಯುತ್ತಿದ್ದಾನೆ. ಹತ್ತನೇ ಕಂತು ಪೂರ್ತಿ ಪಾಸ್ ಅಂತೆ. ಕೆಳಗೆ ನಿನ್ನ ಸಹಿ. ಯಾರೋ ನಿನ್ನ ಸಹಿಯನ್ನು ಕಳ್ಳತನದಿಂದ ಹಾಕಿದ್ದಾರೆ. ಗಡಿಯಾರನೇ ಇರಬೇಕು. ಬೇಗ ವಿಚಾರಿಸಿ ನಿಜವಾದ ಪಟ್ಟಿ ಕಳಿಸು. ನೀನು ನೂರಾ ಹನ್ನೆರಡನ್ನು ಪಾಸ್ ಮಾಡಿದೆ ಅಂದರೆ ನಾನು ನಂಬುವುದಿಲ್ಲ. ಎಡಚಿ ಹಾಳೆ ಜೋಡಿಸಿಟ್ಟುಕೊಂಡು ಕಾಯುತ್ತಿದ್ದಾಳೆ.

ಚಿಕ್ಕಪ್ಪ


೨೪ ಮೇ ೧೯೯೮

ಈ ಕಾಗದವನ್ನು ಬಲಗೈಯಲ್ಲಿ ಬರೆಯುತ್ತಿದ್ದೇನೆ. ಅಕ್ಷರ ನೋಡು. ನಡುಗಿದೆಯಾ? ಕನ್ನಡಕ ಹಾಕಿಕೊಂಡು ನೋಡು.

ಮಾರ್ಚಿನಿಂದ ನಾನು ಎಡಗೈಯಲ್ಲಿ ಬರೆಯುತ್ತಿದ್ದೆ. ಇಲ್ಲಿನ ಮೇಜುಗಳೆಲ್ಲ ಬಲಗೈಯವರಿಗಾಗಿ ಮಾಡಿದ್ದು. ದೀಪ ಎಡಕ್ಕೆ, ಹಾಳೆ ಕೂರಿಸುವ ಗೂಟದ ಪಟ್ಟಿ ಕೆಳಕ್ಕೆ. ಎಡಚಿ ಬಿಡಿಸುವಾಗ ಅವಳ ಕೈಯ ನೆರಳು ಅವಳ ಗೆರೆಯ ಮೇಲೇ ಬೀಳುತ್ತದೆ, ಮಣಿಕಟ್ಟು ಗೂಟಕ್ಕೆ ತಾಗಿ ಅಲೆ ಪ್ರತಿ ಸಲ ಅದೇ ಜಾಗದಲ್ಲಿ ಮುರಿಯುತ್ತದೆ. ಸರಿಮಾಡುವುದು ಹೇಗೆ ಅಂತ ಬಲಗೈಯವನಾದ ನನಗೆ ತಿಳಿಯಲಿಲ್ಲ. ಅದಕ್ಕೇ ಎರಡು ತಿಂಗಳು ಎಲ್ಲವನ್ನೂ ಎಡಗೈಯಲ್ಲಿ ಮಾಡಿದೆ. ಬರೆದೆ, ಬಿಡಿಸಿದೆ, ಹಲ್ಲು ಕೂಡ ಉಜ್ಜಿದೆ. ಕೊನೆಗೆ ದೀಪ ಬಲಕ್ಕೆ ಹೋಯಿತು, ಪಟ್ಟಿ ಮೇಲಕ್ಕೆ ಹೋಯಿತು, ಅವಳ ಗೆರೆ ನೆಟ್ಟಗಾಯಿತು. ಐವತ್ತೆಂಟರ ಗಂಡಸು ಮಗುವಿನ ಹಾಗೆ ಅಕ್ಷರ ತೀಡುತ್ತಿದ್ದೇನೆ ಅಂತ ಹೇಳಿಕೊಳ್ಳಲು ನಾಚಿಕೆಯಾಗಿ ಮುಚ್ಚಿಟ್ಟೆ. ನನಗೇನು ಗೊತ್ತು, ನೀನು ಆ ಅಕ್ಷರದಲ್ಲಿ ರೋಗ ಓದುತ್ತೀಯ ಅಂತ!

ಇನ್ನೊಂದನ್ನೂ ಮುಚ್ಚಿಟ್ಟಿದ್ದೆ. ಈಗ ಹೇಳಿ ಪ್ರಯೋಜನವಿಲ್ಲ, ಆದರೂ ಕೇಳು. ಇಲ್ಲಿ ಒಂದು ದೃಶ್ಯ ಮೊದಲ ಸಲ ಬಿಡಿಸಲು ಮೂರು ದಿನ, ಸೆಕೆಂಡಿಗೆ ನಾಲ್ಕು ಚಿತ್ರ. ಅದಕ್ಕಿಂತ ಒಂದು ಹಾಳೆ ಹೆಚ್ಚು ಕೊಡುವುದಿಲ್ಲ ತಕ್ಕಡಿ. ಆದರೆ ನಿಮ್ಮ ಕಡೆಯಿಂದ ಕೆಂಪು ಬಿದ್ದರೆ ಒಪ್ಪಂದದ ಪ್ರಕಾರ ಮತ್ತೆ ಮಾಡಿಕೊಡಲೇಬೇಕು. ಆಗ ಒಂಬತ್ತು ದಿನ, ಸೆಕೆಂಡಿಗೆ ಹನ್ನೆರಡು ಚಿತ್ರ. ಮೊದಲ ಟೇಕ್ ತಕ್ಕಡಿಗೆ, ಎರಡನೇ ಟೇಕ್ ತೆರೆಗೆ. ಹೀಗೆ ನಾವು ಒಂಬತ್ತು ಕಂತು ಬಿಡಿಸಿದೆವು. ನೀನು ಚಿನ್ನ ಅಂದದ್ದೆಲ್ಲ ನಿನ್ನ ಕೆಂಪು ಗೆರೆಯಿಂದಲೇ ಬಂದದ್ದು. ನೀನು ಬೈದಷ್ಟೂ ನಮಗೆ ದಿನ ಸಿಗುತ್ತಿತ್ತು. ಹೇಳಿದ್ದರೆ ನೀನು ನಾಟಕ ಮಾಡಬೇಕಾಗುತ್ತಿತ್ತು, ಚಿಕ್ಕಂದಿನಿಂದ ನಿನಗೆ ಸುಳ್ಳು ಹೇಳಲು ಬರುವುದಿಲ್ಲ. ಹಾಗಾಗಿ ಹೇಳಲಿಲ್ಲ. ನಿನ್ನ ಸಿಟ್ಟನ್ನು ನಂಬಿದ್ದೆ. ಬೆಳಿಗ್ಗೆ ನೀರು ಬರುತ್ತದೆ ಅಂತ ಕೊಡ ಇಟ್ಟು ಕಾಯುತ್ತಾರಲ್ಲ, ಹಾಗೆ.

ನೂರಾ ಹನ್ನೆರಡು ಅಂತ ನೀನು ನೋಡಿದ್ದು ಮೂರು ದಿನದ ಕಚ್ಚಾ ಕೆಲಸ. ನಿಜವಾದದ್ದು ಎಡಚಿಯ ತಲೆಯಲ್ಲಿತ್ತು. ಮೆಟ್ಟಿಲಿನ ಅಂಚಿಗೆ ನೀರು ಬಂದು ಹೇಗೆ ತಡೆಯುತ್ತದೆ ಅಂತ ಅಭಿನಯಿಸಿ ತೋರಿಸಿದ್ದಳು, ಈ ಮಹಡಿಯ ಮೆಟ್ಟಿಲಿನಲ್ಲೇ, ಎರಡು ಬಕೆಟ್ ಚೆಲ್ಲಿ. ಫ್ಯಾಕ್ಸ್ ನಿನ್ನದೇ ಅಂತ ಖಾತ್ರಿಯಾದ ದಿನ ತಕ್ಕಡಿ ಅವಳು ಜೋಡಿಸಿಟ್ಟಿದ್ದ ಖಾಲಿ ಹಾಳೆಗಳನ್ನು ವಾಪಸ್ ತೆಗೆದುಕೊಂಡ.

ಎಣ್ಣೆ ತಲುಪಿತು. ನಿನ್ನ ತಾತ ಕಪ್ಪುಬಿಳುಪು ಫೋಟೋಗಳಿಗೆ ಬಣ್ಣ ಹಚ್ಚುತ್ತಿದ್ದರು. ಕೈ ನಡುಗಲು ಶುರುವಾದ ಮೇಲೂ ಗಿರಾಕಿಗಳು "ಚೆನ್ನಾಗಿದೆ, ಚೆನ್ನಾಗಿದೆ" ಅಂತ ತೆಗೆದುಕೊಂಡು ಹೋಗುತ್ತಿದ್ದರು. ಒಂದು ದಿನ ನಾನೂ ಅಪ್ಪನೂ ಹಿಂದಿನ ಬೀದಿಯ ಅಂಗಡಿಗೆ ಹೋದರೆ, ಅಲ್ಲಿ ಅವೇ ಫೋಟೋಗಳ ಮೇಲೆ ಇನ್ನೊಬ್ಬ ಹೊಸದಾಗಿ ಬಣ್ಣ ಹಚ್ಚುತ್ತಿದ್ದ. ಅಪ್ಪ ಆಮೇಲೆ ಕುಂಚ ಮುಟ್ಟಲಿಲ್ಲ. ಇದನ್ನು ನಿನಗೆ ನಾನೇ ಹೇಳಿದ್ದೆ. ನೀನು ಕೇಳಿ ಅತ್ತಿದ್ದೆ. ಅತ್ತವಳೇ ನನಗೆ ಅದನ್ನೇ ಮಾಡಿದೆ.

ಕಾಗದ ಬರೆಯಬೇಡ.


೧೪ ಜೂನ್ ೧೯೯೮

ಚಿಕ್ಕಪ್ಪನಿಗೆ,

ಬರೆಯಬೇಡ ಅಂದಿರಿ. ಬರೆಯುತ್ತೇನೆ. ನಿಮ್ಮ ತುರ್ತು ಕಾಗದವೂ ಇದೂ ಒಟ್ಟಿಗೇ ಬಂದವು, ಅವು ಕೈಗೆ ಬರುವ ಹೊತ್ತಿಗೆ ಕಂತು ಪ್ರಸಾರವಾಗಿ ಒಂದು ವಾರ ಆಗಿತ್ತು. ಓದಿ ಮೂರು ದಿನ ಊಟ ಸೇರಲಿಲ್ಲ. ನಾಲ್ಕನೇ ದಿನ ಸಿಟ್ಟು ಬಂತು. ನನ್ನ ಮೇಲೆ ಬಂದದ್ದು ಇದ್ದೇ ಇದೆ. ಆದರೆ ನಿಮ್ಮ ಮೇಲೂ ಬಂತು.

ಪಾಸ್ ಮಾಡಿದ್ದು ನಾನು. ಆ ನೀರು ಕೆಟ್ಟದಾಗಿದೆ ಅಂತ ನೋಡಿದ ಮೊದಲ ಸೆಕೆಂಡಿಗೇ ಗೊತ್ತಿತ್ತು. ಚೀಲದ ಮೂಲಕ ಅಲೆ ಹಾದುಹೋಗುತ್ತದೆ, ಚೀಲ ಒದ್ದೆಯಾಗುವುದಿಲ್ಲ. ಕೆಂಪು ಪೆನ್ಸಿಲ್ ಕೈಯಲ್ಲೇ ಇತ್ತು. ಕೆಳಗಿಟ್ಟೆ. ನಿಮ್ಮ ಮಾನ ಉಳಿಸುತ್ತಿದ್ದೇನೆ ಅಂದುಕೊಂಡೆ. ಅಂಥ ಪಾಪದ ಕೆಲಸವನ್ನು ಪುಣ್ಯ ಅಂದುಕೊಂಡು ಮಾಡಿದೆ. ಇದಕ್ಕೆ ನಾನು ಯಾವ ಸಮಜಾಯಿಷಿಯನ್ನೂ ಕೊಡುವುದಿಲ್ಲ.

ಆದರೆ ನೀವು? ಐದು ತಿಂಗಳು ನನ್ನ ಸಿಟ್ಟನ್ನು ಬಾಡಿಗೆಗೆ ತೆಗೆದುಕೊಂಡಿರಿ, ನನಗೆ ಹೇಳದೆ! ಕೆಟ್ಟದ್ದನ್ನು ಕಳಿಸಿ ನನ್ನಿಂದ ಬೈಸಿಕೊಂಡು, ಆ ಬೈಗುಳವನ್ನು ತೆಗೆದುಕೊಂಡು ಹೋಗಿ ತಕ್ಕಡಿಯ ಮೇಜಿನ ಮೇಲೆ ಇಟ್ಟಿರಿ. ನಾನು ಇಲ್ಲಿ ಗಡಿಯಾರದ ಮುಂದೆ ನಾಚಿಕೆಯಿಂದ ಸಾಯುತ್ತಿದ್ದೆ. ನಾನು ನಿಮಗೆ ಮಗಳೋ, ರಬ್ಬರ್ ಸ್ಟಾಂಪೋ? ಒಂದು ಸಾಲು, ಒಂದೇ ಒಂದು ಸಾಲು ಬರೆದಿದ್ದರೆ ಸಾಕಿತ್ತು. ಸುಳ್ಳು ಹೇಳಲು ನನಗೆ ಬರುವುದಿಲ್ಲ ಅಂದಿರಿ. ನಿಮಗೆ ನಿಜ ಹೇಳಲು ಬರುವುದಿಲ್ಲ. ಯಾರು ಹೆಚ್ಚು ದಂಡ ತೆತ್ತರು ನೋಡಿ. ನೀವೂ ಅಲ್ಲ, ನಾನೂ ಅಲ್ಲ.

ಸಭೆಯ ಸುದ್ದಿ ನಿಮಗೆ ಬೇರೆ ಯಾರಿಂದಲೂ ತಿಳಿಯಬಾರದು. ಚಾನೆಲ್ಲಿನವರು ನೂರಾ ಹನ್ನೆರಡನ್ನು ಎರಡು ಸಲ ಹಾಕಿಸಿ ನೋಡಿದರು. "ಇದಕ್ಕಿಂತ ಆ ಕಂಪ್ಯೂಟರ್ ನೀರೇ ವಾಸಿ" ಅಂದ ಒಬ್ಬ. ನಾನು ಎದ್ದು ನಿಂತೆ. ತಪ್ಪು ಬಿಡಿಸಿದವರದ್ದಲ್ಲ, ಪಾಸ್ ಮಾಡಿದವಳದ್ದು, ಮತ್ತೆ ಒಂಬತ್ತು ದಿನ ಕೊಡಿ, ನೋಡುವಿರಂತೆ ಅಂದೆ. ಗಡಿಯಾರ ಮಣಿಕಟ್ಟು ನೋಡಿಕೊಂಡು "ಆಯ್ತಮ್ಮ, ಕೂತ್ಕೊ" ಅಂದರು. ಕೂರಲಿಲ್ಲ. ಅವರೇ ಎದ್ದು ಹೋದರು. ಹನ್ನೊಂದು ಜನರ ಮೇಜು ಖಾಲಿ ಮಾಡಿಸಲು ಅವರಿಗೆ ನಾಲ್ಕು ನಿಮಿಷ ಸಾಕಾಯಿತು.

ಎಡಚಿಗೆ ಏನು ಹೇಳಬೇಕೋ ನನಗೆ ಗೊತ್ತಿಲ್ಲ. ನಿಜವನ್ನೇ ಹೇಳಿ.

ಮೆಣಸಿನಕಾಯಿ


೨ ಆಗಸ್ಟ್ ೧೯೯೮

ಮೆಣಸಿನಕಾಯಿಗೆ,

ಮೊನ್ನೆ ಮಹಡಿಗೆ ಬೀಗ ಹಾಕಿದರು. ಮೇಜುಗಳನ್ನು ಒಂದರ ಮೇಲೊಂದು ಪೇರಿಸಿ ಇಳಿಸಿದರು. ಎಡಚಿಯ ಮೇಜನ್ನು ಇಳಿಸುವಾಗ ತಕ್ಕಡಿ "ಇದ್ಯಾಕೆ ಎಲ್ಲಾ ಉಲ್ಟಾ ಇದೆ" ಅಂತ ಕೇಳಿದ.

ರಬ್ಬರ್ ಸ್ಟಾಂಪ್ ಮಾತು ನಿಜ. ಅಷ್ಟು ಮಾತ್ರ ಒಪ್ಪುತ್ತೇನೆ. ಸಿಟ್ಟು ಇಳಿದಿಲ್ಲ.

ಬೀಗ ಹಾಕುವ ಮೊದಲು ನಮಗೆ ಸುಮ್ಮನೆ ಕೂರುವ ಒಂಬತ್ತು ದಿನ ಸಿಕ್ಕಿತು. ಎಲ್ಲರೂ ಬೇರೆ ಕೆಲಸ ಹುಡುಕಲು ಹೋದರು. ಎಡಚಿ ಹೋಗಲಿಲ್ಲ. ದಿನಾ ಬೆಳಿಗ್ಗೆ ಬಂದು, ಹಳೇ ಬಿಲ್ಲುಗಳ ಹಿಂಬದಿಯಲ್ಲಿ ನೂರಾ ಹನ್ನೆರಡನ್ನು ಬಿಡಿಸಿದಳು. ಎಂಟು ಸೆಕೆಂಡಿಗೆ ತೊಂಬತ್ತಾರು ಚಿತ್ರ. ನಾನು ಒಂದು ಗೆರೆಯನ್ನೂ ಮುಟ್ಟಿಲ್ಲ. "ಈಗ್ಯಾಕಮ್ಮ, ಎಲ್ಲಾ ಮುಗೀತಲ್ಲ" ಅಂದೆ. "ಆಯಮ್ಮ ನೋಡ್ಲಿ. ನಾನು ನೀರು ನೋಡಿದೀನೋ ಇಲ್ವೋ ಆಯಮ್ಮನೇ ಹೇಳ್ಲಿ" ಅಂದಳು. ನೀನು ಮಾಡಿದ್ದನ್ನೆಲ್ಲ ಅವಳಿಗೆ ಹೇಳಿದ್ದೇನೆ. ನಿನ್ನ ಮೇಲೆ ಅವಳಿಗೆ ನನಗಿಂತ ಹೆಚ್ಚು ಸಿಟ್ಟಿದೆ. ಪಾಸ್ ಮಾಡಿದ್ದಕ್ಕಲ್ಲ. "ಕೆಟ್ಟದಾಗಿದೆ ಅಂತ ಗೊತ್ತಿದ್ದೂ ಚೆನ್ನಾಗಿದೆ ಅಂದ್ಲಲ್ಲ" ಅನ್ನುತ್ತಾಳೆ.

ತೊಂಬತ್ತಾರೂ ಈ ಪೆಟ್ಟಿಗೆಯಲ್ಲಿವೆ. ಸೋಮವಾರದಿಂದ ಅವಳಿಗೆ ಆಟಿಕೆ ಕಾರ್ಖಾನೆಯಲ್ಲಿ ಗೊಂಬೆಗಳಿಗೆ ಹುಬ್ಬು ಬರೆಯುವ ಕೆಲಸ. ಕರುಣೆ ತೋರಿಸಿ ಪಾಸ್ ಮಾಡಿದರೆ ನನ್ನ ಬಾಗಿಲಿಗೆ ಬರಬೇಡ.

ಚಿಕ್ಕಪ್ಪ


೨೮ ಆಗಸ್ಟ್ ೧೯೯೮

ಚಿಕ್ಕಪ್ಪನಿಗೆ,

ಇದನ್ನು ಎಡಚಿಗೆ ಓದಿ ಹೇಳಿ. ಒಂದು ಅಕ್ಷರವನ್ನೂ ಮೆತ್ತಗೆ ಮಾಡಬೇಡಿ.

ನಮ್ಮ ಗೋದಾಮಿನಲ್ಲಿ ಹಳೇ ಕ್ಯಾಮೆರಾ ಧೂಳು ತಿನ್ನುತ್ತಿತ್ತು. ಕಾವಲುಗಾರನ ಹತ್ತಿರ ಕೀಲಿಕೈ ಇಸಿದುಕೊಂಡು ಭಾನುವಾರ ಪೂರ್ತಿ ಕೂತು ತೊಂಬತ್ತಾರು ಚಿತ್ರವನ್ನೂ ಒಂದೊಂದಾಗಿ ತೆಗೆದೆ. ತೊಳೆಸಿ, ನೋಡುವ ಕೋಣೆಯಲ್ಲಿ ನಲವತ್ತು ಸಲ ನೋಡಿದೆ. ಎಣಿಸಿದ್ದೇನೆ.

ದೃಶ್ಯ ೧೧೨. ಚಿತ್ರ ಒಂದರಿಂದ ಮೂವತ್ತು: ನೀರು ಮೆಟ್ಟಿಲಿನ ಅಂಚಿಗೆ ಬಂದು ತಡೆಯುತ್ತದೆ, ತುಂಬಿದ ಬಕೆಟ್ ಹೊತ್ತವರು ಮುಂದಿನ ಮೆಟ್ಟಿಲಿಗೆ ಮೊದಲು ಉಸಿರು ತೆಗೆದುಕೊಳ್ಳುವ ಹಾಗೆ. ಆಮೇಲೆ ಹತ್ತುತ್ತದೆ. ಸರಿ ಇದೆ.

ಚಿತ್ರ ಮೂವತ್ತೊಂದು, ಮೂವತ್ತೆರಡು: ಎಡಗಡೆಯ ಹನಿ ಗೋಡೆಗೆ ತಾಗುವ ಮುಂಚೆಯೇ ಗೋಡೆ ಒದ್ದೆ. ಕೆಂಪು. ಆತುರ ಬಿದ್ದಿದ್ದೀರಿ.

ಚಿತ್ರ ನಲವತ್ತೇಳು: ಚೀಲದ ಪಟ್ಟಿಯ ಮೇಲಿನ ನೀರಿನ ಗೆರೆ ಈ ಒಂದು ಚಿತ್ರದಲ್ಲಿ ಮರೆತುಹೋಗಿದೆ, ತೆರೆಯ ಮೇಲೆ ಮಿಣುಕುತ್ತದೆ. ಕೆಂಪು.

ಎಪ್ಪತ್ತೇಳು, ಎಪ್ಪತ್ತೆಂಟು: ಕಾಗದ ಒದ್ದೆಯಾದ ಮೇಲೂ ಒಣಗಿದ ಕಾಗದದಷ್ಟೇ ಎತ್ತರಕ್ಕೆ ತೇಲುತ್ತದೆ. ನೀರು ಕುಡಿದದ್ದಕ್ಕೆ ತೂಕ ಬರಬೇಕು. ನಿಮಗೆ ಇದು ಗೊತ್ತಿರಲೇಬೇಕು, ಹಾಗಾಗಿ ಎರಡು ಕೆಂಪು.

ಐವತ್ತೆಂಟರಿಂದ ಎಪ್ಪತ್ತೊಂದು, ಚೀಲವನ್ನು ನೀರು ಎತ್ತುವ ಜಾಗ: ನಲವತ್ತು ಸಲವೂ ಇಲ್ಲಿ ತಪ್ಪು ಹುಡುಕಿದೆ. ಸಿಗಲಿಲ್ಲ. ಸಿಕ್ಕಿದ್ದರೆ ಬಿಡುತ್ತಿರಲಿಲ್ಲ.

ಬಕೆಟ್ ಮಾತನ್ನು ವಾಪಸ್ ತೆಗೆದುಕೊಂಡಿದ್ದೇನೆ. ಉಳಿದ ಯಾವ ಮಾತನ್ನೂ ತೆಗೆದುಕೊಂಡಿಲ್ಲ, ನಿಮಗೆ ಹೇಳಿದ್ದನ್ನೂ ಸೇರಿಸಿ ಚಿಕ್ಕಪ್ಪಾ.

ಕೋಟಿನವನ ನೀರು ಹೋದ ವಾರದಿಂದ ಬರುತ್ತಿದೆ. ಮೊದಲ ದಿನ ನಲವತ್ತೊಂದು ದೃಶ್ಯಕ್ಕೆ ನಲವತ್ತೊಂದು ಕೆಂಪು ಹಾಕಿ ಗಡಿಯಾರದ ಮುಂದಿಟ್ಟೆ. "ಕಂಪ್ಯೂಟರ್‌ಗೆ ರೀಟೇಕ್ ಇಲ್ಲಮ್ಮ" ಅಂದರು. ಅಲ್ಲಿಗೆ ನನ್ನ ಪೆನ್ಸಿಲ್ ಜೇಬಿಗೆ ಹೋಯಿತು. ಈ ಐದು ಗೆರೆ ಎಳೆಯಲು ಹೊರಗೆ ತೆಗೆದೆ.

ಈ ದೃಶ್ಯ ಪಾಸ್ ಆಗಿಲ್ಲ. ಐದು ಚಿತ್ರ ಮತ್ತೆ ಬಿಡಿಸಿ ಕಳಿಸಲಿ. ಹಾಳೆ ಈ ಪೆಟ್ಟಿಗೆಯಲ್ಲಿದೆ, ಹೊಸದು, ಬಿಲ್ಲಿನ ಹಿಂಬದಿಯಲ್ಲ. ಗೊಂಬೆಗಳ ಕೆಲಸ ಮುಗಿಸಿ ಬಂದು ಬಿಡಿಸಬೇಕಲ್ಲ, ಹಾಗಾಗಿ ಪೆಟ್ಟಿಗೆ ಕೈಸೇರಿದ ಮೇಲೆ ಒಂಬತ್ತು ದಿನ ಕೊಟ್ಟಿದ್ದೇನೆ. ಹತ್ತನೇ ದಿನ ಅಂಚೆಗೆ ಹಾಕಿದರೆ ನೋಡುವುದಿಲ್ಲ.

ಮೆಣಸಿನಕಾಯಿ